ನಾನು ಉಪ್ಪಿಟ್ಟಂತೆ!

ನಿನ್ನೆ ರಾತ್ರಿ ಹನ್ನೊಂದಕ್ಕೆ ಗೆಳತಿಯರ ವಾಟ್ಸಾಪ್ ಗ್ರೂಪಿನಲ್ಲಿ ಸ್ವಭಾವ ಹೇಳೋ ಇನ್ನೊಂದು ಕ್ವಿಜ್‌ನ ಲಿಂಕ್. 'ನೀವು ಯಾವ ತಿಂಡಿ?' ಒಬ್ಬಳಿಗೆ ಮಸಾಲೆ ದೋಸೆ ಬಂತು, ಇನ್ನೊಬ್ಬಳಿಗೆ ಮೈಸೂರು ಪಾಕ್. ನನಗೆ? ಉಪ್ಪಿಟ್ಟು. ಅದೂ 'ಎಲ್ಲರೊಂದಿಗೂ ಹೊಂದಿಕೊಳ್ಳುವ ಸ್ವಭಾವ' ಅನ್ನೋ ಸಮಾಧಾನದ ಜೊತೆ!

ಹೋದ ವಾರ ಪ್ರಾಣಿ. ಅವರೆಲ್ಲ ಹುಲಿ, ಚಿರತೆ. ನಾನು ಆಮೆ. ಪ್ರಶ್ನೆಗಳಾದರೂ ಎಂಥವು ಅಂತೀರಿ? 'ಸೂರ್ಯ ಮುಳುಗುವಾಗ ನಿಮಗೆ ಏನನ್ನಿಸುತ್ತದೆ?' ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ ನಿಂತವಳಿಗೆ ಏನನ್ನಿಸಬೇಕು? ಇಷ್ಟೆಲ್ಲ ಒತ್ತಿದ ಮೇಲೆ ಉತ್ತರ ನೋಡೋಕೆ ಇಮೇಲ್ ಬೇರೆ ಕೊಡಬೇಕು.

ಇನ್ನು ಎಂಬಿಟಿಐ ಅನ್ನೋ ಸ್ವಭಾವ ಪರೀಕ್ಷೆ ಮಾಡಿ, INFP ಅಂತೆಲ್ಲ ನಾಲ್ಕು ಅಕ್ಷರ ಅಂಟಿಸಿಕೊಂಡವರ ಕಾಟ ಬೇರೆ. ಅಮೆರಿಕದ ತಾಯಿ-ಮಗಳು ಸೇರಿ ಮನುಷ್ಯರನ್ನೆಲ್ಲ 16 ಡಬ್ಬಿಗೆ ತುಂಬಿದ್ದೇ ತುಂಬಿದ್ದು, ಫೋನ್ ಎತ್ತದವಳೂ 'ನಾನು ಇಂಟ್ರೊವರ್ಟ್ ಕಣೇ' ಅನ್ನುತ್ತಾಳೆ. ಹೋಟೆಲ್ ಬಿಲ್ ಬಂದಾಗಲಂತೂ ಟೇಬಲ್ಲಿಗೆ ಟೇಬಲ್ಲೇ ಇಂಟ್ರೊವರ್ಟ್!

1948ರಲ್ಲಿ ಫೋರರ್ ಅನ್ನೋ ಮನಃಶಾಸ್ತ್ರದ ಮೇಷ್ಟ್ರು ಸ್ವಭಾವ ಪರೀಕ್ಷೆ ಮಾಡಿ, ಇಡೀ ಕ್ಲಾಸಿಗೆ ಒಂದೇ ವರ್ಣನೆಯನ್ನು 'ಇದು ನಿಮ್ಮದೇ ಫಲಿತಾಂಶ' ಅಂತ ಹಂಚಿ, ನಿಮಗೆಷ್ಟು ಹೊಂದುತ್ತೆ ಅಂತ ಕೇಳಿದ್ದರು. ಹುಡುಗರು ಕೊಟ್ಟ ಸರಾಸರಿ 5ಕ್ಕೆ 4.26. ಇದನ್ನು ಗ್ರೂಪಿನಲ್ಲಿ ಹೇಳಿದೆ. ಬಂದ ಉತ್ತರ: 'ನೋಡಿ, ಉಪ್ಪಿಟ್ಟಿನವರು ಹೀಗೇ ವಾದ ಮಾಡೋದು.'

ಬೆಳಗ್ಗೆ ಎದ್ದರೆ ಮಸಾಲೆ ದೋಸೆಯ ಮೆಸೇಜ್: 'ಏನೇ ಉಪ್ಪಿಟ್ಟು, ಆರಿಹೋದ್ಯಾ?'