ಸತ್ಯಾಂಶ: ‘30 ಸೆಕೆಂಡ್ ಹಾಡು ಫ್ರೀ’ ಅನ್ನುವುದು ನಿಜವಲ್ಲ

‘ಯಾವ ಹಾಡಾದರೂ 30 ಸೆಕೆಂಡ್ ಒಳಗಿದ್ದರೆ ನಾವು ತಯಾರಿಸುವ ಆ್ಯಪ್‌ನಲ್ಲಿ ಫ್ರೀಯಾಗಿ ಹಾಕಬಹುದು’ ಎಂಬ ಮೆಸೇಜ್ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಅಂಥ ನಿಯಮ ಇಲ್ಲ. 1886ರ ಬರ್ನ್ ಒಪ್ಪಂದ ಕಾಪಿರೈಟ್‌ಗೆ ಅಂತರರಾಷ್ಟ್ರೀಯ ಬುನಾದಿ. ಅದರಲ್ಲೂ ಸೆಕೆಂಡ್‌ಗಳ ಲೆಕ್ಕ ಬರೆದಿಲ್ಲ.

ಮ್ಯೂಸಿಕ್ ಆ್ಯಪ್‌ಗಳು 30 ಸೆಕೆಂಡ್ ಪ್ರಿವ್ಯೂ ಕೇಳಿಸುತ್ತವೆ ಅಲ್ವಾ? ಅವು ಸುಮ್ನೆ ಕೇಳಿಸುತ್ತಿಲ್ಲ, ಹಕ್ಕುದಾರರ ಅನುಮತಿ ಪಡೆದಿರುತ್ತವೆ.

ಜಾಸ್ತಿ ಜನ ಎಡವುವುದು ಇಲ್ಲಿ: ಒಂದೇ ಹಾಡಿನಲ್ಲಿ ಎರಡು ಹಕ್ಕುಗಳಿವೆ. ಸಾಹಿತ್ಯ ಮತ್ತು ರಾಗಕ್ಕೆ ಸೇರಿದ್ದು ಪಬ್ಲಿಷಿಂಗ್ ಹಕ್ಕು. ರೆಕಾರ್ಡ್ ಆದ ಧ್ವನಿಗೆ ಸೇರಿದ್ದು ಮಾಸ್ಟರ್ ಹಕ್ಕು, ಇದು ಹೆಚ್ಚಾಗಿ ಲೇಬಲ್ (ಹಾಡು ಬಿಡುಗಡೆ ಮಾಡುವ ಕಂಪನಿ) ಕೈಯಲ್ಲಿರುತ್ತದೆ. ಆ್ಯಪ್‌ಗೆ ಎರಡೂ ಬೇಕು. ಹಾಡನ್ನು ನೀವೇ ಹಾಡಿ ರೆಕಾರ್ಡ್ ಮಾಡಿದರೂ ಪಬ್ಲಿಷಿಂಗ್ ಹಕ್ಕಿನ ಅನುಮತಿ ಕೇಳಲೇಬೇಕು. ವಿಡಿಯೋಗೆ ಜೋಡಿಸಿದರೆ ‘ಸಿಂಕ್’ ಲೈಸೆನ್ಸ್ ಬೇರೆಯೇ ಬೇಕು.

ಮ್ಯೂಸಿಕ್ ಆ್ಯಪ್‌ಗೆ ನೀವು ಕಟ್ಟುವ ಪ್ರೀಮಿಯಂ ಚಂದಾ ನಿಮ್ಮ ಕಿವಿಗೆ ಮಾತ್ರ, ಬಳಕೆದಾರರಿಗೆ ಹಂಚಲು ಅಲ್ಲ. ಸ್ಪಾಟಿಫೈನ ಡೆವಲಪರ್ (ಆ್ಯಪ್ ತಯಾರಿಸುವವರ) ನಿಯಮಗಳೂ ಹಾಡನ್ನು ದೃಶ್ಯಕ್ಕೆ ಜೋಡಿಸಲು ಬಿಡುವುದಿಲ್ಲ.

‘ರಾಯಲ್ಟಿ ಫ್ರೀ’ ಎಂದರೆ ಪುಕ್ಕಟೆ ಅಲ್ಲ. ಸಾಮಾನ್ಯವಾಗಿ ಒಮ್ಮೆ ಹಣ ಕೊಟ್ಟರೆ ಪ್ರತಿ ಪ್ಲೇಗೂ ಮತ್ತೆ ಕೊಡಬೇಕಿಲ್ಲ, ಅಷ್ಟೇ. ಆ ಲೈಸೆನ್ಸ್‌ನಲ್ಲಿ ‘ಆ್ಯಪ್’ ಎಂಬ ಪದ ಇದೆಯೇ ಎಂದು ದಯವಿಟ್ಟು ಓದಿ ನೋಡಿ.