ಪೌಷ್ಟಿಕತೆಗೊಂದು ಶಾಲು, ಒಂದು ಹಾರ

ನಮ್ಮ ತಾಲ್ಲೂಕಿನ ಶಾಲಾ ಕ್ರೀಡಾಕೂಟ ವಿಜೃಂಭಣೆಯಿಂದ ನೆರವೇರಿತು. ಯಾವ ತಾಲ್ಲೂಕು ಅಂತ ಕೇಳಬೇಡಿ. ಹಾಸನ ಜಿಲ್ಲೆಯ ಎಂಟೂ ತಾಲ್ಲೂಕಿನವರು ನಮ್ಮದೇ ಅಂದುಕೊಂಡರೂ ನನ್ನ ತಕರಾರಿಲ್ಲ.

ಒಂಬತ್ತಕ್ಕೆ ಉದ್ಘಾಟನೆ ಎಂದು ಆಹ್ವಾನ ಪತ್ರಿಕೆಯಲ್ಲಿತ್ತು. ಅದನ್ನು ನಂಬಿದವರು ಮಕ್ಕಳು ಮಾತ್ರ. ಮೊದಲ ಬಸ್ಸಿಗೆಂದು ತಿಂಡಿ ಬಿಟ್ಟು ಬಂದವರು ಹನ್ನೊಂದೂವರೆವರೆಗೆ ಬಿಸಿಲಲ್ಲಿ ಸಾಲಾಗಿ ನಿಂತರು. ಪಥಸಂಚಲನ ಆಗದೆ ಓಟವಿಲ್ಲ, ಅತಿಥಿ ಬಾರದೆ ಪಥಸಂಚಲನವಿಲ್ಲ. ಕೊನೆಗೂ ದಯಮಾಡಿಸಿದ ಅತಿಥಿಗಳು ಮಾತಾಡಿದ್ದು ಏನರ ಬಗ್ಗೆ? ಕ್ರೀಡಾಪಟುಗಳ ಪೌಷ್ಟಿಕ ಆಹಾರದ ಬಗ್ಗೆ!

ಭಾಷಣ ಅಮೋಘ. ಅನ್ನ, ಮುದ್ದೆ ಕಡಿಮೆ ಮಾಡಿ, ಬಾದಾಮಿ ತಿನ್ನಿ, ಪ್ರೋಟೀನ್ ಹೆಚ್ಚಿಸಿ ಎಂದರು. ಇನ್ನು ಹತ್ತು ನಿಮಿಷಕ್ಕೆ 1,500 ಮೀಟರ್ ಓಡಬೇಕಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಹೊಟ್ಟೆಯಲ್ಲಿ ಉಳಿದಿದ್ದ ಚೂರುಪಾರು ಶಕ್ತಿ ಅದಕ್ಕೇ ಹೋಯಿತು.

ಈ ಮುದ್ದೆದ್ವೇಷ ಹಾಸನದ ಬಿ.ಎಂ. ರೋಡಿನ ಜಿಮ್ಮುಗಳಿಂದ ವೇದಿಕೆಗೆ ಹತ್ತಿದ್ದು ಅಂತ ನನ್ನ ಗುಮಾನಿ. ನಮ್ಮಣ್ಣನ ಮಗನೂ ಅಲ್ಲಿಗೆ ಹೋಗುತ್ತಾನೆ. 'ಚಿಕ್ಕಪ್ಪ, ಮುದ್ದೆ ಅಂದ್ರೆ ಬರೀ ಕಾರ್ಬ್ಸು' ಅಂತ ನನಗೇ ಪಾಠ. ಕಾರ್ಬ್ಸು ಅಂದರೆ ಕಾರ್ಬೋಹೈಡ್ರೇಟು, ಅನ್ನ-ಮುದ್ದೆಯಲ್ಲಿರುವ ಪಿಷ್ಟ. ಅವನ ಕೋಣೆಯಲ್ಲಿ ಬಕೆಟ್ಟಿನಷ್ಟು ದೊಡ್ಡ ಪ್ರೋಟೀನ್ ಪುಡಿಯ ಡಬ್ಬಿಯೊಂದಿದೆ. ಅದರ ಮೇಲಿನ ಆಸಾಮಿಯ ತೋಳು ಇವನ ತೊಡೆಗಿಂತ ದಪ್ಪ. ಡಬ್ಬಿಯೊಳಗಿರುವುದು ಒಡೆದ ಹಾಲಿನ ನೀರನ್ನು ಸೋಸಿ ಒಣಗಿಸಿದ ಪುಡಿ. ವಿಷವೇನಲ್ಲ, ಮಂತ್ರವೂ ಅಲ್ಲ. ಸಾಧಾರಣ ಮನುಷ್ಯನಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಮೈಮುರಿದು ಅಭ್ಯಾಸ ಮಾಡುವವರಿಗೆ 1.2ರಿಂದ 2 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ, 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22. ಆದರೆ ಹುರುಳಿಕಾಳಿನ ಚೀಲದ ಮೇಲೆ ತೋಳು ತೋರಿಸುವವರಿಲ್ಲ, ಪಾಪ.

ಇನ್ನು ಕಾರ್ಬ್ಸು. ಓಡುವ ಕಾಲು ಮೊದಲು ಉರಿಸುವುದೇ ಅದನ್ನು. ದಿನಕ್ಕೊಂದು ಗಂಟೆ ಬೆವರು ಸುರಿಸುವವರಿಗೆ ಕೆಜಿ ತೂಕಕ್ಕೆ 5ರಿಂದ 7 ಗ್ರಾಂ ಬೇಕು. 40 ಕೆಜಿಯ ಹುಡುಗಿಗೆ ಕಮ್ಮಿಯೆಂದರೂ 200 ಗ್ರಾಂ. ಅದನ್ನು ಬಾದಾಮಿಯಲ್ಲಿ ತುಂಬಿಸಲು ಹೊರಟರೆ ಅವರಪ್ಪ ಹೊಲ ಮಾರಬೇಕು.

ಮೈದಾನಕ್ಕೆ ಬರೋಣ. ಪಿ.ಇ. ಮೇಷ್ಟ್ರೊಬ್ಬರು ಗ್ಲೂಕೋಸ್ ಪೊಟ್ಟಣ ಹರಿದು ಒಬ್ಬೊಬ್ಬರ ಅಂಗೈಗೂ ಚಿಟಿಕೆ ಹಾಕುತ್ತಿದ್ದರು, ತೀರ್ಥ ಕೊಟ್ಟ ಹಾಗೆ. ಅದೂ ಅವರ ಜೇಬಿನ ದುಡ್ಡು. ಮಕ್ಕಳು ನೆಕ್ಕಿ, ನಲ್ಲಿಗೆ ಬಾಯಿಟ್ಟು, ಹೋಗಿ ಓಡಿದವು. ಒಬ್ಬಳು ಮೂರನೇ ಸುತ್ತಿಗೆ ಕಣ್ಣುಕತ್ತಲೆ ಬಂದು ಕೂತಳು. 'ಸ್ಟ್ಯಾಮಿನಾ ಸಾಲದು' ಎಂದು ಮೈಕಿನಲ್ಲೇ ವಿಶ್ಲೇಷಣೆಯೂ ಆಯಿತು. ಅಷ್ಟರಲ್ಲಿ ಅತಿಥಿಗಳಿಗೆ ಶಾಲು, ಹಾರ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಅವರಿಗೆ ಸಕ್ಕರೆ ಕಾಯಿಲೆಯಂತೆ, ಬುಟ್ಟಿ ನೇರ ಕಾರಿನ ಡಿಕ್ಕಿಗೆ.

ಅವತ್ತು ಶಾಲೆಯಲ್ಲೇ ಉಳಿದ ಮಕ್ಕಳಿಗೆ ಹಾಲು, ಬಿಸಿಯೂಟ, ಮೊಟ್ಟೆ ಎಲ್ಲ ಸಿಕ್ಕಿತು. ಶಾಲೆಯ ಹೆಸರಿಗಾಗಿ ಓಡಲು ಬಂದವರಿಗೆ ಸಿಕ್ಕಿದ್ದು ಮೂರು ಗಂಟೆಗೆ ತಣ್ಣಗಾದ ಚಿತ್ರಾನ್ನ. ನಗಿಸಲು ಕೂತವನಿಗೆ ಇಲ್ಲಿ ನಗು ಬರುತ್ತಿಲ್ಲ. ಓಡುವುದಕ್ಕೆ ಎರಡು ಮೂರು ಗಂಟೆ ಮೊದಲು ಹೊಟ್ಟೆಗೆ ಬೀಳಬೇಕು ಅನ್ನುವುದಕ್ಕೆ ತಜ್ಞರು ಬೇಕೇನ್ರಿ? ನಾಟಿಗೆ ಆಳು ಕರೆದರೂ ಮೊದಲು ತಿಂಡಿ ಕೊಡುತ್ತೇವೆ.

ಮುಂದಿನ ವರ್ಷ ಹಾರ, ಶಾಲಿನ ದುಡ್ಡಲ್ಲಿ ಎಂಟು ಗಂಟೆಗೆ ಇಡ್ಲಿ, ಬಾಳೆಹಣ್ಣು ಕೊಡಿ. ಭಾಷಣ ಬೇಕೇ ಬೇಕು ಅನ್ನುವುದಾದರೆ ಮಕ್ಕಳು ಬಸ್ಸು ಹತ್ತಿದ ಮೇಲೆ ಇಟ್ಟುಕೊಳ್ಳಿ.