ಸತ್ಯಾಂಶ: ಸಕ್ಕರೆ ಪುಡಿಯಿಂದ ಮಿದುಳಿನ ಕಾಂಡಕೋಶ ಹೆಚ್ಚುತ್ತದೆಯೇ?

ನರ ಕಾಂಡಕೋಶಗಳ (ಹೊಸ ನರಕೋಶಗಳನ್ನು ಹುಟ್ಟಿಸಬಲ್ಲ ಮೂಲಕೋಶಗಳ) ಹೊರಮೈಯಲ್ಲಿ ಸಕ್ಕರೆಯಿದೆ, ಹಾಗಾಗಿ ‘ವಿಶೇಷ ಸಕ್ಕರೆ’ಗಳ ಪುಡಿ ತಿಂದರೆ ಮಿದುಳು ಮತ್ತೆ ಚಿಗುರುತ್ತದೆ ಎನ್ನುವ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ಮೊದಲ ಮಾತು ನಿಜ. ಎರಡನೆಯದಕ್ಕೆ ಆಧಾರವಿಲ್ಲ.

ಆ ಸಕ್ಕರೆಯನ್ನು ಜೀವಕೋಶ ಬಹುಮಟ್ಟಿಗೆ ಮಾಮೂಲಿ ಗ್ಲೂಕೋಸ್‌ನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಯಾವ ಸಕ್ಕರೆಯ ಪಕ್ಕ ಯಾವುದನ್ನು ಪೋಣಿಸಬೇಕೆಂಬುದು ಅದರೊಳಗಿನ ಕಿಣ್ವಗಳ ಕೆಲಸ. ಹೀಗೆ ಸಿದ್ಧವಾದ ಸರಪಳಿಗಳು ಪ್ರೋಟೀನು, ಕೊಬ್ಬಿನ ಅಣುಗಳ ಮೇಲೇರಿ ಹೊರಮೈಗೆ ಬರುತ್ತವೆ. ಅಲ್ಲಿ ಅವು ಮಾಡುವ ಕೆಲಸ ಎಷ್ಟು ಓದಿದರೂ ನನಗೆ ಅಚ್ಚರಿಯೇ. ಹೆಪರಾನ್ ಸಲ್ಫೇಟ್ ಎಂಬ ಸರಪಳಿ, ಎಫ್‌ಜಿಎಫ್-2 ಎಂಬ ಬೆಳವಣಿಗೆಯ ಪ್ರೋಟೀನನ್ನು ಹಿಡಿದು ಅದರ ಗ್ರಾಹಕಕ್ಕೆ (ಕೋಶದ ಮೇಲೆ ಅದರ ಸಂಕೇತವನ್ನು ಸ್ವೀಕರಿಸುವ ಅಣುವಿಗೆ) ಒದಗಿಸುತ್ತದೆ. ಕಾಂಡಕೋಶ ವಿಭಜನೆ ಮುಂದುವರಿಸುತ್ತದೆ. ಮುಂದೆ ಎಳೆಯ ನರಕೋಶ ತನ್ನ ಜಾಗಕ್ಕೆ ಹೊರಟಾಗ ಪಾಲಿಸಿಯಾಲಿಕ್ ಆಮ್ಲವೆಂಬ ಇನ್ನೊಂದು ಸಕ್ಕರೆಯ ಉದ್ದನೆಯ ಸರ ಅಕ್ಕಪಕ್ಕದ ಹಿಡಿತ ಸಡಿಲಿಸಿ ದಾರಿ ಬಿಡಿಸುತ್ತದೆ.

ಇಂಥ ಸಂದೇಶ ಹಂಚುವವರಲ್ಲಿ ಹೆಚ್ಚಿನವರು ಕಾಳಜಿಯಿಂದಲೇ ಹಂಚುತ್ತಾರೆ. ಮನೆಯಲ್ಲಿ ಮರೆವಿನ ಕಾಯಿಲೆಯವರಿದ್ದರೆ ಆಸೆ ಸಹಜ. ಸಂದೇಶದಲ್ಲಿ ‘ಸಂಶೋಧನೆ’ ಎಂದಿದ್ದರೆ ವೈದ್ಯಕೀಯ ಸಂಶೋಧನಾ ಲೇಖನಗಳ ಜಾಲತಾಣ ಪಬ್‌ಮೆಡ್‌ನಲ್ಲಿ ಹುಡುಕಿ, ಸಾರಾಂಶ ಓದಲು ಹಣ ಕೊಡಬೇಕಿಲ್ಲ. ಪ್ರಯೋಗ ನಡೆದದ್ದು ಗಾಜಿನ ತಟ್ಟೆಯ ಕೋಶಗಳಲ್ಲೋ, ಇಲಿಗಳಲ್ಲೋ, ಮನುಷ್ಯರಲ್ಲೋ? ತಿನ್ನುವ ಪುಡಿಯನ್ನೇ ಪರೀಕ್ಷಿಸಿದ್ದಾರೆಯೇ? ಹೋಲಿಸಲು ಪುಡಿ ತಿನ್ನದ ಗುಂಪು ಇತ್ತೇ? ಕೊನೆಯಲ್ಲಿ ಖರೀದಿಯ ಲಿಂಕ್ ಇದ್ದರಂತೂ ಇವಿಷ್ಟನ್ನೂ ನೋಡದೆ ಮುಂದಕ್ಕೆ ಕಳಿಸಬೇಡಿ.